ರಾತ್ರಿಯಿಲ್ಲದ ಊರಿನ ನೊಣ

ನೊಣಕ್ಕೆ ಕತ್ತಲೆಂದರೆ ಆಗದು.
ಹೊತ್ತು ಮುಳುಗಿದರೆ ಮೊಟ್ಟೆಯಿಡದೆ ರೆಕ್ಕೆ ಮಡಿಸಿ ಕೂರುತ್ತದೆ.
ಅದರಿಂದಲೇ ನಮ್ಮ ಲೆಕ್ಕಕ್ಕೊಂದು ಗೋಡೆ:
ಇದಕ್ಕಿಂತ ಈಚೆಗಲ್ಲ ಎಂದು
ಬೆನ್ನು ಒರಗಿಸಿ ಹೇಳಬಹುದು.

ಆದರೆ ಇದು ಇನಾರಿ ಸೀಮೆಯ ಜೂನ್.
ಸೂರ್ಯ ಮುಳುಗುವುದಿಲ್ಲ.
ನಡುರಾತ್ರಿಯಲ್ಲೂ ಭೂರ್ಜದೆಲೆಯ ನರ ಎಣಿಸಬಹುದು.
ಗೋಡೆಯಿಲ್ಲದ ಮನೆಯಲ್ಲಿ ನಾನು
ಚಿಮಟ ಹಿಡಿದು ಮಂಡಿಯೂರಿದೆ.

ಸೌನಾದ ಬೆಂಚಿನ ಮೇಲೆ ಓಯ್ವ, ಎಪ್ಪತ್ತೊಂದು ವರ್ಷ.
ಒಲೆ ಹೊತ್ತಿಸಿರಲಿಲ್ಲ. ಕಡ್ಡಿಪೆಟ್ಟಿಗೆ ಕೈಯಳತೆಯಲ್ಲಿ,
ಫೋನು ಕಿಟಕಿಯ ಹಲಗೆಯಲ್ಲಿ,
ಬಾಗಿಲು ಒಂದು ಗೇಣು ತೆರೆದು.
ಕಣ್ಣಂಚಿಗೆ, ತುಟಿಯ ಮೂಲೆಗೆ
ಬರಬೇಕಾದವರು ಬಂದಾಗಿತ್ತು,
ನೆರೆಯವರಿಗಿಂತ, ಪಾದ್ರಿಗಿಂತ ಮುಂಚೆ.
ಹೊರಗೆ ಪೊಲೀಸು ಹುಡುಗ ಅಸ್ಲಾಕ್ ಸೊಳ್ಳೆ ಹೊಡೆಯುತ್ತ
'ಇವರು ನನಗೆ ಈಜು ಕಲಿಸಿದ್ದರು' ಎಂದ.
ಮತ್ತೇನೂ ಅನ್ನಲಿಲ್ಲ.

ಅರ್ಧ ಹುಳುಗಳನ್ನು ಬಿಸಿನೀರಿಗದ್ದಿ ಮದ್ಯಸಾರಕ್ಕಿಳಿಸಿದೆ.
ಉಳಿದರ್ಧ ಜೀವಸಹಿತ ಡಬ್ಬಿಯಲ್ಲಿ.
ಅವಕ್ಕೆಂದು ಅಂಗಡಿಯಲ್ಲಿ ಹಂದಿಯ ಲಿವರ್ ಕೊಂಡೆ.
'ಈರುಳ್ಳಿ ಹಾಕಿ ಹುರಿಯುತ್ತೀರಾ?' ಅಂದಳು ಅಂಗಡಿಯವಳು.
ಹೂಂ ಅಂದೆ.

ಇವಕ್ಕೆ ಗಡಿಯಾರ ತಿಳಿಯದು, ಶಾಖ ತಿಳಿಯುತ್ತದೆ.
ಬಿಸಿಯಾದರೆ ಇಡೀ ದಿನವನ್ನು ಗಬಗಬ ತಿಂದು ಮುಗಿಸುತ್ತವೆ,
ತಣ್ಣಗಾದರೆ ಒಂದೇ ಗಂಟೆಯನ್ನು ಚಪ್ಪರಿಸುತ್ತ ಕೂರುತ್ತವೆ.
ತಿಂದ ಶಾಖವನ್ನೆಲ್ಲ ಕೂಡಿಸುತ್ತ ಹಿಂದೆ ಹಿಂದೆ ನಡೆದರೆ
ಮೊದಲ ಮೊಟ್ಟೆಯ ಬಾಗಿಲು.

ಹವಾಮಾನದ ಅಂಕಿ ತರಿಸಿದೆ:
ಬುಧವಾರ ಸಂಜೆ ಏಳಕ್ಕೆ ಬಡಗಣ ಗಾಳಿ ಎದ್ದಿತ್ತು.
ನಾಲ್ಕು ಡಿಗ್ರಿ, ಮರುದಿನ ಬೆಳಗಿನ ತನಕ.
ಆ ಚಳಿಗೆ ಯಾವ ನೊಣವೂ ಹಾರದು.
ಓ, ಚಳಿಯೇ ಇಲ್ಲಿನ ಕತ್ತಲೆ!
ಸಿಕ್ಕಿತು ಗೋಡೆ.

ಮೊಟ್ಟೆಯಿಟ್ಟದ್ದು ಬುಧವಾರ ಏಳರೊಳಗೆ,
ಇಲ್ಲವೇ ಗುರುವಾರ ಹತ್ತಕ್ಕೆ, ಬಿಸಿಲು ಕಾದ ಮೇಲೆ.
ಹುಳುವಿನ ಉದ್ದ ಎರಡಕ್ಕೂ ತಲೆಯಾಡಿಸಿತು.

ತಂಗಿ ಕೆರ್ತು ರೊವಾನಿಯೆಮಿಯಿಂದ ಬಂದಳು,
ಕೈಚೀಲವನ್ನು ಮಡಿಲಿಗೊತ್ತಿಕೊಂಡು.
ದೋಣಿಗೆ ಟಾರು ಬಳಿಯುವ ಸರದಿ ಯಾರದೆಂದು
ಏಪ್ರಿಲಿನಿಂದ ಮಾತು ಬಿಟ್ಟಿದ್ದರಂತೆ.
'ಗುರುವಾರ ಒಂಬತ್ತೂವರೆಗೆ ನಾನೇ ಸೋತು ಫೋನು ಮಾಡಿದೆ.
ಹನ್ನೊಂದು ಸಲ ರಿಂಗಾಯಿತು.
ನಿಮ್ಮ ಹುಳುಗಳನ್ನು ಕೇಳಿ ಹೇಳಿ,
ಅವನು ಎತ್ತಲಿಲ್ಲವೋ, ಎತ್ತಲಾರದೆ ಹೋದನೋ.'

ಇಪ್ಪತ್ತು ವರ್ಷ ಕಟಕಟೆಯಲ್ಲಿ ನಿಂತಿದ್ದೇನೆ,
ಇಂಥ ಪಾಟೀಸವಾಲು ಕೇಳಿರಲಿಲ್ಲ.
'ಬುಧವಾರ' ಅಂದುಬಿಟ್ಟರೆ ಮುಗಿಯಿತು, ಒಂದೇ ಮಾತು.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ
ವರದಿಯಲ್ಲಿದ್ದದ್ದನ್ನೇ ಓದಿದೆ:
'ಬುಧವಾರ ಮಧ್ಯಾಹ್ನ ಮತ್ತು ಗುರುವಾರ ಬೆಳಗಿನ ಹತ್ತರ
ನಡುವೆ.'
ಅವಳು ಆ 'ನಡುವೆ'ಯನ್ನು ಚೀಲದೊಳಗಿಟ್ಟುಕೊಂಡವಳ ಹಾಗೆ
ನಿಧಾನವಾಗಿ ಜಿಪ್ ಎಳೆದಳು.
ಬಸ್ಸಿನ ಹೊತ್ತು ಕೇಳಿದಳು. ಅದನ್ನು ಸರಿಯಾಗಿ ಹೇಳಿದೆ.

ಜುಲೈ ನಡುವಿಗೆ ಜಾಡಿಯಲ್ಲೊಂದು ಕೋಶ ಬಿರಿಯಿತು.
ಒದ್ದೆ ನೀಲಿ, ಮುದುರಿದ ರೆಕ್ಕೆ.
ಜಾತಿ, ದಿನಾಂಕ, ಸಹಿ.
ಸಾಕ್ಷಿ ನುಡಿದದ್ದು ಫ್ರೀಜರಿಗೆ ಹೋಗಬೇಕು, ಅದು ನಿಯಮ.
ಗಾಜಿಗೆ ಬಡಿಯುತ್ತಿತ್ತು, ಒಂದೇ ಸಮನೆ.
ಯಾಕೋ ಎಣಿಸತೊಡಗಿದ್ದೆ.