ಹೂಮಳೆಗೆ ಮುನ್ನ

ಕೂತುಕೊಳ್ಳಿ ದೇಚವ್ವ. ಮೊದಲು ಇದನ್ನು ನೋಡಿ:
ಫ್ಯೂಸ್ ಇರಬೇಕಾದ ಜಾಗದಲ್ಲಿ
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ.
ಯಾರ ಕೆಲಸ ಅಂತ ಕೇಳುವುದಿಲ್ಲ.
ನಾಪೋಕ್ಲಿನಲ್ಲಿ ಮನೆಗೊಬ್ಬ ಅಳಿಯ ಇರುತ್ತಾನೆ,
ಸ್ಕ್ರೂಡ್ರೈವರ್ ಕಂಡರೆ ಕೈ ತುರಿಸುವವನು.

ಫ್ಯೂಸ್ ಅಂದರೆ ಸಾಯುವುದಕ್ಕೇ ಸಂಬಳ ತಗೊಂಡವನು.
ಅವನು ಸತ್ತರೆ ಹತ್ತು ರೂಪಾಯಿಗೆ ಮುಗಿಯಿತು.
ಈ ಕಾಗದ ಸಾಯುವುದಿಲ್ಲ,
ತಾನು ಬದುಕಿಕೊಂಡು ಮನೆ ಸುಡುತ್ತದೆ.

ಪಾಲಿಬೆಟ್ಟದ ಬಂಗಲೆ ಹರಾಜಿನಲ್ಲಿ
ಸಾವಿರದ ಇನ್ನೂರಕ್ಕೆ ನೀವು ಕೂಗಿ ಹಿಡಿದ ರಿಸೀವರ್.
ನಿಮ್ಮ ಸೊಸೈಟಿಯ ತುಂಬಿದ ಹಾಲಿನ ಕ್ಯಾನಿನಷ್ಟು ತೂಕ,
ಡಯಲಿನ ಹಿಂದೆ ಎಳೆ ಏಲಕ್ಕಿ ಬಣ್ಣದ ಬೆಳಕು.
ಅದರ ಪ್ಲಗ್ಗಿನ ಮೂರನೆಯ ಕಾಲನ್ನು ಕತ್ತರಿಸಿದ್ದೀರಿ,
ಗೋಡೆಯಲ್ಲಿ ಎರಡೇ ತೂತು ಅಂತ.
ಆ ಕಾಲು ಮಣ್ಣಿನದು.
ಒಳಗೆ ಏನಾದರೂ ಹಾದಿ ತಪ್ಪಿದರೆ
ನಿಮ್ಮ ಕೈಗೆ ಬರದೆ ಮಣ್ಣಿಗೆ ಹೋಗಲಿ ಅಂತ ಇರುವುದು.
ಹೊಸ ಪ್ಲಗ್ ಹಾಕಿದ್ದೇನೆ. ಈ ಸಲ ಪ್ಲಗ್ ಬಿಟ್ಟು ಗೋಡೆ ಬದಲಿಸಿ.
ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು.
ಕಾಫಿಗೆ ಸ್ಪ್ರಿಂಕ್ಲರ್ ಬಿಡುವವರಿಗೆ ಅದೇನು ಹೆಚ್ಚಲ್ಲ.

ಬೆಕ್ಕು. ಬೆಕ್ಕಿನ ಮಾತು ಬರಲೇಬೇಕು.
ಮುಚ್ಚಳದ ಸೀಳುಗಳಲ್ಲಿ ಒಂದು ಹಿಡಿ ಕೂದಲು ಸಿಕ್ಕಿತು,
ಬೂದು, ನಡುವೆ ಸ್ವಲ್ಪ ಬಿಳಿ.
ಬೆಕ್ಕಿಗೆ ಅದು ಒಲೆ, ಪೆಟ್ಟಿಗೆಗೆ ಮೂಗು.
ಕಸೂತಿ ಬಟ್ಟೆಯನ್ನೂ ಹೊದಿಸಬೇಡಿ,
ಅದಕ್ಕೆ ಚಳಿಯಿಲ್ಲ.

ಆನ್ ಮಾಡುವ ಮೊದಲು ವಾಲ್ಯೂಮ್ ಸೊನ್ನೆಗಿರಲಿ.
ಸ್ಪೀಕರಿನ ಎರಡು ವಯರುಗಳ ತುದಿ
ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ
ಪಕ್ಕಪಕ್ಕದಲ್ಲೇ ಇರಬೇಕು, ಮುಟ್ಟಬಾರದು.
ಮತ್ತೆ ಮುಚ್ಚಳ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತಿದ್ದರೂ.
ಹೆಬ್ಬೆರಳಿನಂಥ ಎರಡು ಕಪ್ಪು ಡಬ್ಬಿಗಳಿವೆ ಒಳಗೆ,
ಕರೆಂಟು ಹೋದರೂ ಕರೆಂಟನ್ನು ಮರೆಯದವು.
ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೂ ನಂಬಲಿಲ್ಲ.
ಈ ಉಗುರು ನೋಡಿ.

ಇಷ್ಟು ಹೇಳಿ, ನೂರೈವತ್ತು ತಗೊಂಡು, ಜೀಪಿಗೆ ಏರಿಸಿದೆ.
ಗುಡುಗು ಬಂದರೆ? ಎಂದರು, ಜೀಪು ಹೊರಟ ಮೇಲೆ.
ದೂರದಲ್ಲಿ ಕೇಳಿದಾಗಲೇ ಕೀಳಿ, ಆಂಟೆನಾ ವಯರನ್ನೂ!
ತಲೆ ಮೇಲೆ ಬಂದ ಮೇಲೆ ಮುಟ್ಟಲೇಬೇಡಿ!
ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಮಾರ್ಚ್ ಮುಗಿಯುತ್ತ ಬಂತು. ಮೊಗ್ಗು ಹೊತ್ತ ಕಾಫಿ ಗಿಡಗಳು
ಬಾಯಿ ಬಿಗಿದು ನಿಂತಿದ್ದವು.
ಅಂಗಡಿಗೆ ಬಂದವರಲ್ಲಿ ಒಂದೇ ಮಾತು:
ಸುಂಟಿಕೊಪ್ಪಕ್ಕೆ ಒಂದಿಂಚು, ಅಮ್ಮತ್ತಿಗೆ ಎಂಬತ್ತು ಸೆಂಟು,
ನಮಗೆ ದೂಳು.

ಒಂದು ರಾತ್ರಿ ಫೋನು.
ಕಿತ್ತೆ ಮೊಯ್ದು. ಎರಡೂ ಕಿತ್ತೆ.
ಬೆಕ್ಕು ಹತ್ತಿ ಕೂತಿದೆ, ಈಗ ಪರವಾಗಿಲ್ಲ ತಾನೆ?
ಅವರ ಮಾತಿನ ಹಿಂದೆ ಹಂಚಿನ ಮೇಲೆ
ಯಾರೋ ಭತ್ತ ಸುರಿದ ಹಾಗೆ.
ಪರವಾಗಿಲ್ಲ ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಫೋನಿಡಲಿಲ್ಲ.

ಇಟ್ಟ ಮೇಲೆ ನೆನಪಾಯಿತು.
ನನ್ನ ಬೆಂಚಿನ ಮೇಲೆ ಏಳು ಮನೆಯ ಏಳು ಸೆಟ್ಟು,
ಏಳೂ ಪ್ಲಗ್ಗಿನಲ್ಲೇ.
ಚಪ್ಪಲಿ ಸಿಗಲಿಲ್ಲ. ಹಾಗೇ ಓಡಿದೆ,
ಮಿಂಚಿಗೊಮ್ಮೆ ಪೇಟೆ ಹಗಲಾಗಿ ಮತ್ತೆ ಇಲ್ಲವಾಗುತ್ತ.

ಶಟರ್ ಮೊಳಕಾಲೆತ್ತರ ತೆರೆದಿತ್ತು.
ಬೇಕರಿಯ ಹಿಂದೆ ಮಲಗುವ ಹುಡುಗ ಪೊನ್ನು,
ಕೆಲಸ ಕಲಿಯಲು ಬಂದು ಎರಡು ತಿಂಗಳಾಗಿಲ್ಲ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದ.
ಏಳು ವಯರು ಸುತ್ತಿ ಸಾಲಾಗಿ ಇಟ್ಟಿದ್ದ.
ಫ್ಯಾನಿನದೂ ಕಿತ್ತಿದ್ದ, ಚಹಾ ಕೆಟಲ್ಲಿನದೂ.
ಅಷ್ಟು ಸಾಲದೆಂದು
ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದಿಟ್ಟಿದ್ದ.
ಬೈಯುವುದಕ್ಕೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಯಾರೋ ಕೇಳಿದರು,
ಗುಡುಗು ಶುರುವಾದದ್ದು ಎಷ್ಟು ಹೊತ್ತಿಗೆ, ಮೊಯ್ದು?
ಗೋಡೆ ತೋರಿಸಿದೆ.
ಒಂದು ಗಂಟೆ ಹತ್ತು ನಿಮಿಷ.