ಎಪ್ಪತ್ತೆರಡು ಹಲ್ಲು

ಗೋಕುಲ ರೋಡಿನ ನಮ್ಮ ಶೆಡ್ಡಿಗೆ ಆ ಮನುಷ್ಯ ಬಂದಾಗ
ಮಧ್ಯಾಹ್ನದ ಕರೆಂಟು ಹೋಗಿತ್ತು.
ಗೋಣಿತಾಟಿನ ಗಂಟು ಬಿಚ್ಚಿದ:
ಒಂದು ಹಿತ್ತಾಳಿ ಗಾಲಿ,
ಅಂಚಿಗೆಲ್ಲ ಹಸಿರು ಕಿಲುಬು,
ಮೂರು ಹಲ್ಲು ಇಲ್ಲ,
ನಾಲ್ಕನೆಯದು ಇವತ್ತೋ ನಾಳೆಯೋ.

ದಾವಲಸಾಬ ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ.
"ಉಪ್ಪು."
ಇನ್ನೊಂದು ಬಿಳಿ ಕಲೆಗೆ ಉಗುರು ಹಾಕುವಷ್ಟರಲ್ಲಿ
ಬಂದವನು ಕೈ ಹಿಡಿದ:
"ಅದು ಉಪ್ಪಲ್ಲ. ಹಕ್ಕಿ ಹಿಕ್ಕೆ."

ಉಮಾಕಾಂತ ಹರಿಕಂತ್ರ, ಕಾರವಾರದ ಕಡೆಯವನು.
ದಡದಿಂದ ಎರಡು ತಾಸು ದೋಣಿಯಂತೆ, ಆಮೇಲೆ ಒಂದು ಗುಡ್ಡ,
ನೀರೊಳಗೆ ಕುಕ್ಕರಗಾಲಲ್ಲಿ ಕೂತ ಹಾಗೆ.
ಸರಕಾರದ ಕಾಗದದಲ್ಲಿ ಹೆಸರು ಬೇರೆ,
ಮೀನಿಗೆ ಹೋಗುವವರು ಹಿಕ್ಕೆಗುಡ್ಡ ಅನ್ನುತ್ತಾರೆ.
ಬಾವಿಯಿಲ್ಲ. ಮರವೆಂದರೆ ಮೂರು,
ಮೂರೂ ಗಾಳಿಗೆ ಒಂದೇ ಕಡೆ ಬಾಗಿದವು.
ನೆತ್ತಿಗೆ ಸುಣ್ಣದ ಗೋಪುರ, ಅದರ ತಲೆಯೊಳಗೆ
ಎಮ್ಮೆಯಷ್ಟು ದೊಡ್ಡ ಗಾಜು,
ಗಾಜನ್ನು ತಿರುಗಿಸುವುದು ಈ ಗಾಲಿ.

"ಅಲ್ಲೆ ಯಾರಿರತಾರ?"
"ಯಾರೂ ಇಲ್ಲ. ಮೊದಲು ಒಬ್ಬರಿದ್ದರು, ಈಗ ತನ್ನಷ್ಟಕ್ಕೇ ಹತ್ತುತ್ತದೆ.
ರೀವ, ಕಡಲಕಾಗೆ, ಅಷ್ಟೇ. ಬೇಸಿಗೆಯಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ,
ಬಂಡೆಯ ಮೇಲೆಲ್ಲ ಮೊಟ್ಟೆ."
"ಹಕ್ಕೀಗೆ ಯಾಕ ದೀಪಾ?"

ಹರಿಕಂತ್ರ ನಗಲಿಲ್ಲ.
ರಾತ್ರಿ ದೋಣಿಯಲ್ಲಿ ಕೂತವರು ಎಣಿಸುತ್ತಾರೆ, ಅಂದ.
ಮಿಂಚಿತು. ಒಂದು, ಎರಡು, ಮೂರು,
ಹತ್ತಕ್ಕೆ ಮತ್ತೆ ಮಿಂಚಿದರೆ ಹಿಕ್ಕೆಗುಡ್ಡ,
ಎಡಕ್ಕೆ ಬಂಡೆ, ಬಲಕ್ಕೆ ಮನೆ.
ಈಗ ಹಲ್ಲು ಮುರಿದಲ್ಲಿ ತಡವರಿಸಿ ಹದಿಮೂರಕ್ಕೆ ಮಿಂಚುತ್ತದೆ.
ಹದಿಮೂರರ ದೀಪ ಬೇರೆಯೇ ಇದೆ, ತೆಂಕಕ್ಕೆ.
ಮೊನ್ನೆ ಅಮಾಸೆಗೆ ನನ್ನ ಅಳಿಯ
ಬಲಕ್ಕೆ ಹೊರಳಬೇಕಾದವನು

ಅಲ್ಲಿಗೇ ನಿಲ್ಲಿಸಿದ.
ಕರೆಂಟು ಬಂತು. ಮೊದಲು ಫ್ಯಾನು ಅಲುಗಿತು, ಆಮೇಲೆ ನಾವು.

ದಾವಲಸಾಬ ಸಮುದ್ರ ನೋಡಿದವನಲ್ಲ.
ಅವನು ಕಂಡ ದೊಡ್ಡ ನೀರು ಉಣಕಲ್ಲ ಕೆರೆ.
ಎಪ್ಪತ್ತೆರಡು ಹಲ್ಲನ್ನು ಎಪ್ಪತ್ತೆರಡು ಸಲ ಕೊರೆದ,
ಪ್ರತಿ ಸಲ ತಟ್ಟೆಯ ತೂತು ಎಣಿಸಿ, ಮೊಳೆ ಸರಿಸಿ, ಉಸಿರು ಹಿಡಿದು.
ನಾನಾಗ ಚೂರು ಗುಡಿಸುವ ಹುಡುಗ.
ಹಿತ್ತಾಳಿ ಚೂರು ಚಪ್ಪಲಿಯಲ್ಲಿ, ಹುಬ್ಬಿನಲ್ಲಿ,
ಬುತ್ತಿಯ ರೊಟ್ಟಿಯಲ್ಲಿ.
ನಲವತ್ತೊಂದನೇ ಹಲ್ಲಿಗೆ, ಚಹಾ ಬಂತ್ರೀ, ಅಂತ ಕೂಗಿದೆ.
ಅವನು ನೋಡಿದ ನೋಟ ಇವತ್ತಿಗೂ
ಯಾರ ಮಾತಿನ ನಡುವೆಯೂ ನನ್ನನ್ನು ಬಾಯಿ ಹಾಕಗೊಡುವುದಿಲ್ಲ.
ಮತ್ತೆ ಒಂದರಿಂದ ಎಣಿಸಿದ,
ಕಣ್ಣು ಮುಚ್ಚಿ, ಬೆರಳ ತುದಿಯಿಂದ.
ಚಹಾ ಆರಿ ಕೆನೆಗಟ್ಟಿತು.

ಬಿಲ್ಲಿನಲ್ಲಿ ಬರೆದದ್ದು ಇಷ್ಟು: ಗೇರು, ಹಿತ್ತಾಳಿ, ನಗ ಒಂದು.

ಅಂಕೋಲೆಯ ಬಸ್ಸಿಗೆ ಏರಿಸಿದವನು ನಾನು.
"ಏನಲೇ ಇದು, ಗಿರಣೀದೇನು?" ಕಂಡಕ್ಟರ್ ಕೇಳಿದ.
"ದೀಪದ್ದ್ರೀ."
"ಯಾವ ಗುಡೀದು?"
"ಹಕ್ಕೀದು," ಅಂದೆ.
ಹುಚ್ಚ ಹುಡುಗನ ಮುಖ ನೋಡಿ
ಲಗೇಜಿನ ಟಿಕೀಟು ಹರಿದ.

ಹದಿನೈದು ದಿನಕ್ಕೆ ಫೋನು.
ದಾವಲಸಾಬ ಮೂರು ಸಲ ಹೂಂ ಅಂದು ಇಟ್ಟ.
ಮೂಗಿನ ಮೇಲಿನ ಎಣ್ಣೆ ತೋಳಿಗೆ ಒರೆಸಿಕೊಂಡ.
"ಹತ್ತಕ್ಕ ಬರಾಕತ್ತೇತಂತ."
"ಹಕ್ಕಿ ಹೆಂಗದಾವಂತ್ರೀ?"
"ಅವೇನ ಎಣಿಸತಾವೇನಲೇ."

ಗೋಣಿತಾಟಿನ ಮಡಿಕೆಯಲ್ಲಿ ಒಂದು ಗರಿ ಉಳಿದಿತ್ತು,
ತುದಿಗೆ ಬೂದಿ, ಬುಡಕ್ಕೆ ಬಿಳಿ.
ಲೇಥಿನ ತಿರುಪಿಗೆ ಎಣ್ಣೆ ಸವರಲಿಕ್ಕೆ ಅದನ್ನೇ ಇಟ್ಟುಕೊಂಡ.
ಕುಂಚಕ್ಕಿಂತ ಛಲೋ, ಅಂದ,
ನೀರಾಗಿಂದು, ಎಣ್ಣಿ ಕುಡಿಯೂದಿಲ್ಲ.

ಎರಡು ವರ್ಷ ಬಾಳಿತು.
ಎಳೆಯೆಲ್ಲ ಉದುರಿ ಬರೀ ದಂಟು ಉಳಿದ ಮೇಲೂ ಅದ್ದುತ್ತಿದ್ದ,
ತಿರುಪಿನ ಮೇಲೆ ಎತ್ತಿ ಹಿಡಿದು,
ಹನಿ ಬೀಳುವ ತನಕ
ಅವನ ತುಟಿ ಅಲುಗುತ್ತಿತ್ತು.