ಪದಕ್ಕೆ ಇಪ್ಪತ್ತೈದು ಫಿಲ್ಸ್

ಮನಾಮಾ, ಗುದೈಬಿಯಾದ ಈ ಓಣಿಯಲ್ಲಿ
ಇಸ್ತ್ರಿ ಅಂಗಡಿಗೂ ಪರೋಟದ ಹೋಟೆಲಿಗೂ ನಡುವೆ
ನನ್ನ ಮೇಜು. ಒಂದು ಮುದ್ರೆ, ಎರಡು ನಿಘಂಟು,
ಎಸಿಯ ನೀರು ಹಿಡಿಯಲು ಒಂದು ಬಕೆಟ್ಟು.
ಊರವರ ಕನ್ನಡವನ್ನು ಕೋರ್ಟಿನ ಅರಬಿ ಮಾಡುತ್ತೇನೆ:
ಸಂಬಳದ ಜಗಳ, ತಲಾಕು, ಸತ್ತವರ ಸಾಮಾನಿನ ಪಟ್ಟಿ.

ಮೊನ್ನೆ ಕೊರಿಯರಿನಲ್ಲಿ ಬಂದದ್ದು
ಗೆರೆ ಎಳೆದ ಹಾಳೆ, ಹನ್ನೊಂದು.
ಬೈಂದೂರಿನಿಂದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ,
ಅವನ ವ್ಯಾಜ್ಯವೇ ಹೆಸರಿನದು.
ಐದು ವರ್ಷ ಒಳಗಿದ್ದ. ಬಿಟ್ಟರು, ವಿಮಾನ ಹತ್ತಿಸಿದರು.
ಆಮೇಲೆ ಬಂತಂತೆ ಕಾನೂನು, ಅದರ ಹಿಂದೆ ಪಟ್ಟಿ.
ಒಂಬತ್ತು ವರ್ಷ ಕಳೆದು
ಬೇರೆ ದೇಶದ ನಿಲ್ದಾಣದಲ್ಲಿ, ಬೇರೆ ಕೆಲಸಕ್ಕೆಂದು ಇಳಿದು
ಕ್ಯಾಮರಾಕ್ಕೆ ಕಣ್ಣು ಒಡ್ಡಿದರೆ
ಕೆಂಪು ದೀಪ.

"ಮಾಡಿದ್ದು ಹೌದು. ಸುಳ್ಳು ಹೇಳುವುದಿಲ್ಲ.
ಶಿಕ್ಷೆ ಮುಗಿದ ಮೇಲೆ ಹುಟ್ಟಿದ ಕಾನೂನು
ಹಿಂದಕ್ಕೆ ನಡೆದು ಬಂದು ನನ್ನನ್ನು ಹೇಗೆ ಹಿಡಿಯುತ್ತದೆ?
ಜೈಲಿಗೊಂದು ಕೊನೆಯ ತಾರೀಖಿತ್ತು. ಪಟ್ಟಿಗೆ ಇಲ್ಲ.
ಹಾಗಾದರೆ ಯಾವುದು ದೊಡ್ಡ ಶಿಕ್ಷೆ, ಸ್ವಾಮಿ?"
ಅಕ್ಷರ ದುಂಡಗೆ. ಒಂದು ಒತ್ತೂ ತಪ್ಪಿಲ್ಲ.

ಪ್ರಶ್ನೆ ಸರಿಯಿದೆ.
ನನಗೆ ಸಿಟ್ಟು ಬಂದದ್ದು ಅದಕ್ಕೇ.
ಕೆಟ್ಟ ಕೆಲಸ ಮಾಡಿದವನು ಕೆಟ್ಟ ಪ್ರಶ್ನೆಯನ್ನೇ ಕೇಳಿದ್ದರೆ
ನಾನು ನೆಮ್ಮದಿಯಲ್ಲಿ ಮೀನು ಸಾರು ಉಣ್ಣುತ್ತಿದ್ದೆ.
ವಕೀಲೆ ಬದ್ರಿಯಾ ಫೋನಿನಲ್ಲಿ ಹೇಳುತ್ತಾಳೆ:
ನಾನು ಅವನ ಪರ ಅಲ್ಲ ಮೈಮೂನಾ, ತಾರೀಖಿನ ಪರ.
ಯಾವುದು ಮೊದಲು, ಯಾವುದು ಆಮೇಲೆ,
ಅಷ್ಟೂ ಉಳಿಯದಿದ್ದರೆ ಕೋರ್ಟು ಯಾಕೆ?

ಪಟ್ಟಿ ಎಂಬಲ್ಲಿ ಕೈ ನಿಂತಿತು.
ನಮ್ಮಲ್ಲಿ ಗಾಯಕ್ಕೆ ಕಟ್ಟುವುದೂ ಪಟ್ಟಿ,
ಮೊಣಕಾಲು ತರಚಿಕೊಂಡ ಮಗುವಿಗೆ
ಉಫ್ ಉಫ್ ಎಂದು ಊದಿ ಸುತ್ತುವುದು.
ಸಿಜಿಲ್ ಎಂದು ಬರೆದೆ.
ಸಿಜಿಲ್‌ನಲ್ಲಿ ಹತ್ತಿ ಇಲ್ಲ, ಡೆಟ್ಟಾಲಿನ ವಾಸನೆ ಇಲ್ಲ.

ಮತ್ತೆ, ಅವಳ ಹೆಸರು.
ಆ ಹನ್ನೊಂದು ಹಾಳೆಗಳಲ್ಲಿ ಒಂಬತ್ತು ಸಲ.
ಆಗ ಅವಳಿಗೆ ಏಳು.
ಬಯ್ಯಲಿಕ್ಕಲ್ಲ, ಕ್ಷಮೆ ಕೇಳಲಿಕ್ಕೂ ಅಲ್ಲ,
ಬಾಡಿಗೆ ರಸೀದಿಯಲ್ಲಿ ಬರೆದ ಹಾಗೆ, ಪೂರ್ತಿಯಾಗಿ.
ಬರೇ ಒಂದಕ್ಷರ ಹಾಕಲೇ? ಎಂದು ಬದ್ರಿಯಾಳನ್ನು ಕೇಳಿದೆ.
ಮೂಲದಲ್ಲಿ ಇದ್ದದ್ದು ಇರಬೇಕು, ಎಂದಳು. ಆಮೇಲೆ ಸ್ವಲ್ಪ ಹೊತ್ತು
ಇಬ್ಬರೂ ಫೋನು ಇಡಲಿಲ್ಲ.

ಗುರುವಾರ ತಾಯಿ ಬಂದಳು, ಎದುರು ಕಕ್ಷಿಯ ಉತ್ತರ ಹಿಡಿದು.
ಕನ್ನಡ ಬಲ್ಲ ಅಂಗಡಿ ಈ ಓಣಿಗೆ ಇದೊಂದೇ.
ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದಳು,
ಬಕೆಟ್ಟು ತುಂಬಿದ್ದು ಕಂಡು ತಾನೇ ಎತ್ತಿ
ಹೊರಗೆ ಚೆಲ್ಲಿ ಬಂದಳು.
ಚೀಟಿಯಲ್ಲಿ ಎರಡೇ ಸಾಲು:
"ಪಟ್ಟಿ ಇರ್ಲಿ, ಬಿಡ್ಲಿ, ನಂಗೊತ್ತಿಲ್ಲೆ.
ನನ್ ಮಗಳ್ ಹೆಸ್ರ್ ಇನ್ ಎಷ್ಟ್ ಸಲ ಬರಿತ್ರಿ?"

ಅರಬಿಯಲ್ಲಿ ಅದು ನೆಟ್ಟಗೆ ನಿಲ್ಲಲಿಲ್ಲ.
ಮೊದಲು ಬೇಡಿಕೆಯಂತಾಯಿತು, ಆಮೇಲೆ ಬೈಗುಳದಂತೆ.
ಮೂರನೇ ಸಲಕ್ಕೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.
ಮಗಳು ಈಗ ಎಲ್ಲಿ, ಏನು ಓದಿದಳು,
ನಾನು ಕೇಳಲಿಲ್ಲ.

ಮೂಲಕ್ಕೆ ನಿಷ್ಠವಾಗಿದೆ ಎಂದು
ಅವನದಕ್ಕೂ ಒತ್ತಿದೆ, ಅವಳದಕ್ಕೂ. ಮುದ್ರೆ ಇರುವುದು ಒಂದೇ.
ಮುಂದಿನ ತಾರೀಖು ಹಬ್ಬ ಕಳೆದು.

ಸಂಜೆ ಬಿಲ್ಲು ನೋಡಿ ಮಾಲೀಕರು ಪಕ್ರಬ್ಬ ಕನ್ನಡಕ ಏರಿಸಿದರು:
ಇದೆಂತ, ಕಂಪ್ಯೂಟರಿನ ಲೆಕ್ಕಕ್ಕಿಂತ ಒಂಬತ್ತು ಪದ ಕಡಿಮೆ?
ಅದಕ್ಕೆ ದುಡ್ಡು ಹಾಕಲಿಕ್ಕಾಗಲಿಲ್ಲ,
ಇನ್ನೂರ ಇಪ್ಪತ್ತೈದು ಫಿಲ್ಸ್, ನನ್ನ ಸಂಬಳದಲ್ಲಿ ಹಿಡಿಯಿರಿ, ಎಂದೆ.
ಹಿಡಿದರು.